‘ಬೀ ಥೌಸಂಡ್’ ಬಗ್ಗೆ ನನ್ನನ್ನು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಹುಟ್ಟಿದ್ದು 1999ರಲ್ಲಿ. ನನಗೆ ಎಲ್ಲಕ್ಕಿಂತ ಇಷ್ಟವಾದ ಆಲ್ಬಂ ಅದಕ್ಕೂ ಐದು ವರ್ಷ ಮೊದಲೇ ಬಂದಿತ್ತು. ಸಿಕ್ಕವರ ಕಿವಿಗೆಲ್ಲ ಅದನ್ನು ಹಾಕಿ, ಅವರು ಕೇಳುವ ಅದದೇ ಪ್ರಶ್ನೆಗಳಿಗೆ ಉತ್ತರ ಹೇಳಿ ಹೇಳಿ ಸಾಕಾಗಿದೆ. ಅದಕ್ಕೇ ಎಲ್ಲವನ್ನೂ ಒಂದೇ ಕಡೆ ಬರೆದಿಟ್ಟಿದ್ದೇನೆ. ಇದರಲ್ಲಿ ಕೆಲವು ನಿಜವಾಗಿ ಪ್ರಶ್ನೆಗಳಲ್ಲ, ಬೈಗುಳ. ಕೊನೆಗೆ ಪ್ರಶ್ನೆ ಚಿಹ್ನೆ ಹಾಕಿದ್ದು ನಾನು.

ಮೊದಲು ಇದು ಏನು, ಯಾರದು ಅಂತ ಹೇಳಿ.

ಬ್ಯಾಂಡ್ ಹೆಸರು ಗೈಡೆಡ್ ಬೈ ವಾಯ್ಸಸ್. ಊರು ಅಮೆರಿಕದ ಓಹಾಯೊ ರಾಜ್ಯದ ಡೇಟನ್. ಆಲ್ಬಂ ಹೆಸರು ‘ಬೀ ಥೌಸಂಡ್’. 1994ರ ಜೂನ್‌ನಲ್ಲಿ, ಅದೇ ರಾಜ್ಯದ ಕ್ಲೀವ್‌ಲ್ಯಾಂಡಿನ ಸ್ಕ್ಯಾಟ್ ರೆಕಾರ್ಡ್ಸ್ ಎಂಬ ಪುಟ್ಟ ಕಂಪನಿ ಇದನ್ನು ಹೊರತಂದಿತು. 20 ಹಾಡು, ಒಟ್ಟು 36 ನಿಮಿಷ ಚಿಲ್ಲರೆ. ಬ್ಯಾಂಡಿನವರ ಮನೆಯ ಗ್ಯಾರೇಜು, ನೆಲಮಾಳಿಗೆಗಳಲ್ಲಿ, ಹೆಚ್ಚಿನದು ಕ್ಯಾಸೆಟ್ಟಿನ ಮೇಲೆ ರೆಕಾರ್ಡ್ ಆದದ್ದು. ಇದು ಅವರ ಏಳನೇ ಆಲ್ಬಂ. ಮೊದಲಿನವನ್ನು ಊರಾಚೆ ಕೇಳಿದವರು ತುಂಬಾ ಕಡಿಮೆ.

ಡೇಟನ್ ಅಂದರೆ ವಿಮಾನದ ರೈಟ್ ಸಹೋದರರ ಊರು. ಅಂಗಡಿಯ ಕ್ಯಾಶ್ ರಿಜಿಸ್ಟರ್ ದೊಡ್ಡ ಉದ್ಯಮವಾಗಿ ಬೆಳೆದದ್ದೂ ಅಲ್ಲೇ. ಕಾರ್ಖಾನೆ ಊರು. ರಾಕ್ ಪತ್ರಿಕೆಗಳು ತಿರುಗಿ ನೋಡುವಂಥ ಜಾಗ ಅಲ್ಲ.

ಮೊದಲ ಹಾಡಲ್ಲೇ ಗಿಟಾರ್ ಮಾಯ ಆಗುತ್ತೆ. ನನ್ನ ಇಯರ್‌ಫೋನ್ ಹಾಳಾಗಿದ್ಯಾ?

ಇಲ್ಲ, ಸರಿಯಾಗೇ ಇದೆ.

ನಾನೂ ಇದೇ ಗುಂಡಿಗೆ ಬಿದ್ದವನು. ಪಿಯುಸಿ ಮುಗಿಸಿ ಬೆಂಗಳೂರಿಗೆ ಬಂದ ಹೊಸತು. ಪೀಜಿಯಲ್ಲಿ ಮೇಲಿನ ಮಂಚ ನನ್ನದು. ರಾತ್ರಿ ಲೈಟ್ ಆರಿಸಿದ ಮೇಲೆ, ಫುಟ್‌ಪಾತಿನಲ್ಲಿ 150 ರೂಪಾಯಿಗೆ ತಂದ ಇಯರ್‌ಫೋನ್ ಹಾಕಿಕೊಂಡು ಈ ಆಲ್ಬಂ ಹಾಕಿದೆ. ಮೊದಲ ಹಾಡು ‘ಹಾರ್ಡ್‌ಕೋರ್ ಯುಎಫ್‌ಓಸ್’. ಚೆನ್ನಾಗಿ ಹೋಗುತ್ತಿತ್ತು. ಇದ್ದಕ್ಕಿದ್ದಂತೆ ಒಂದು ಗಿಟಾರ್ ಇಲ್ಲ. ಪಿನ್ ಸಡಿಲ ಆಯ್ತು ಅಂದುಕೊಂಡು ತಿರುಗಿಸಿದೆ. ಗಿಟಾರ್ ವಾಪಸ್ ಬಂತು. ಸದ್ಯ, ಸರಿಹೋಯ್ತು. ಆದರೂ ಅನುಮಾನಕ್ಕೆ ಹಾಡನ್ನು ಮೊದಲಿಂದ ಹಾಕಿದೆ. ಮತ್ತೆ ಅದೇ ಜಾಗದಲ್ಲಿ ಗಿಟಾರ್ ಮಾಯ. ಈ ಸಲ ಪಿನ್ ಮುಟ್ಟದೆ ಸುಮ್ನೆ ಮಲಗಿದ್ದೆ. ತಾನಾಗೇ ಬಂತು.

ರೆಕಾರ್ಡ್ ಮಾಡುವಾಗಲೇ ಆ ಗಿಟಾರ್ ಬಿಟ್ಟುಹೋಗಿದೆ. ಯಾರಾದರೂ ಇದನ್ನು ತಿದ್ದುತ್ತಿದ್ದರು, ಇಲ್ಲ ಹಾಡನ್ನೇ ಇನ್ನೊಮ್ಮೆ ನುಡಿಸುತ್ತಿದ್ದರು. ಇವರು ಹಾಗೇ ಬಿಟ್ಟರು. ಅಷ್ಟೇ ಅಲ್ಲ, ಆ ಹಾಡನ್ನೇ ತಂದು ಆಲ್ಬಂನ ಬಾಗಿಲಲ್ಲಿ ನಿಲ್ಲಿಸಿದರು! ಬರುವವರು ಮೊದಲು ಇದನ್ನು ದಾಟಿ ಬರಲಿ ಅನ್ನುವ ಹಾಗೆ. ಈ ಧೈರ್ಯ ನೋಡಿ ನನಗೆ ಆವತ್ತು ರಾತ್ರಿ ನಗು ತಡೆಯೋಕೆ ಆಗಲಿಲ್ಲ. ಕೆಳಗಿನ ಮಂಚದವನು ಬೈದ.

ಲೋ-ಫೈ ಅಂದ್ರೆ ಯೂಟ್ಯೂಬಲ್ಲಿ ಓದೋವಾಗ ಹಾಕ್ಕೊಳ್ತೀವಲ್ಲ, ಅದೇನಾ?

ಈ ಆಲ್ಬಂ ಅನ್ನೂ ಲೋ-ಫೈ ಅನ್ನುತ್ತಾರೆ, ನಿಜ. ಹೆಸರು ಒಂದೇ, ಸಂಬಂಧ ದೂರದ್ದು. ಯೂಟ್ಯೂಬಿನ ಲೋ-ಫೈ ನಿಧಾನದ ಹಿಪ್-ಹಾಪ್ ತಾಳ. ಅದನ್ನು ಕಂಪ್ಯೂಟರಿನಲ್ಲಿ ನೀಟಾಗಿ ಮಾಡಿ, ಆಮೇಲೆ ಮೇಲಿಂದ ಟೇಪಿನ ಗುಸುಗುಸು ಉದುರಿಸುತ್ತಾರೆ, ಕೊತ್ತಂಬರಿ ಸೊಪ್ಪಿನ ಹಾಗೆ. ಗಮನ ಕೊಡದೆ ಕೇಳಲು ಮಾಡಿದ ಸಂಗೀತ ಅದು. ತಪ್ಪೇನಿಲ್ಲ, ನಾನೂ ಹಾಕಿಕೊಳ್ಳುತ್ತೇನೆ.

‘ಬೀ ಥೌಸಂಡ್’ ಹಾಕಿಕೊಂಡು ಓದಲು ಕೂತರೆ ಒಂದು ಪುಟವೂ ತಿರುಗುವುದಿಲ್ಲ. ಇಲ್ಲಿ ಲೋ-ಫೈ ಅಂದರೆ ರೆಕಾರ್ಡಿಂಗ್ ಗುಣಮಟ್ಟ ನಿಜಕ್ಕೂ ಕಡಿಮೆ ಅಂತ. ‘ಹೈ-ಫೈ’ ಅನ್ನುವ ಪದ ನಮ್ಮಲ್ಲೂ ಇತ್ತಲ್ಲ, ಒಳ್ಳೆ ಸ್ಟೀರಿಯೊಗೂ ಹೇಳುತ್ತಿದ್ದರು, ಕೂಲಿಂಗ್ ಗ್ಲಾಸ್ ಹಾಕಿದ ಮದುಮಗನಿಗೂ ಹೇಳುತ್ತಿದ್ದರು. ಅದರ ಉಲ್ಟಾ.

ಈ ಫೋರ್-ಟ್ರ್ಯಾಕ್ ಅಂತಾರಲ್ಲ, ಅದು ಹೇಗೆ ಕೆಲಸ ಮಾಡುತ್ತೆ?

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಇದು ಗೊತ್ತಾದರೆ ಆಲ್ಬಂ ಯಾಕೆ ಹಾಗೆ ಕೇಳಿಸುತ್ತದೆ ಅನ್ನೋದು ಅರ್ಧ ಗೊತ್ತಾದ ಹಾಗೆ.

ಕ್ಯಾಸೆಟ್ ಒಳಗಿನ ಟೇಪಿನ ಅಗಲ 4 ಮಿಲಿಮೀಟರ್‌ಗೂ ಸ್ವಲ್ಪ ಕಡಿಮೆ. ಅದರ ಮೇಲೆ ಉದ್ದಕ್ಕೆ ನಾಲ್ಕು ಸಾಲು ಇರುತ್ತವೆ. ಎ ಸೈಡಿಗೆ ಎರಡು, ಬಿ ಸೈಡಿಗೆ ಎರಡು. ಎಡಗಿವಿಗೊಂದು, ಬಲಗಿವಿಗೊಂದು. ಫೋರ್-ಟ್ರ್ಯಾಕ್ ಮಷೀನ್ ಏನು ಮಾಡುತ್ತದೆ ಅಂದರೆ, ಸೈಡಿನ ಲೆಕ್ಕ ಬಿಟ್ಟು ನಾಲ್ಕೂ ಸಾಲನ್ನು ಒಂದೇ ದಿಕ್ಕಿನಲ್ಲಿ ಬಳಸಿಕೊಳ್ಳುತ್ತದೆ. ಹಾಗಾಗಿ ಒಂದರಲ್ಲಿ ಡ್ರಮ್ಸ್, ಅದನ್ನು ಕೇಳುತ್ತಾ ಎರಡನೆಯದರಲ್ಲಿ ಗಿಟಾರ್, ಮೂರನೆಯದರಲ್ಲಿ ಬೇಸ್, ನಾಲ್ಕನೆಯದರಲ್ಲಿ ಹಾಡು, ಹೀಗೆ ಒಬ್ಬನೇ ಕೂತು ತುಂಬಬಹುದು. ಟ್ಯಾಸ್ಕ್ಯಾಮ್ ಕಂಪನಿ 1979ರಲ್ಲಿ ಪೋರ್ಟಾಸ್ಟುಡಿಯೊ ಅಂತ ಇಂಥ ಮಷೀನ್ ತಂದಿತು. ಮೇಜಿನ ಮೇಲೆ ಹಿಡಿಸುವಷ್ಟು ದೊಡ್ಡದು. ಬ್ರೂಸ್ ಸ್ಪ್ರಿಂಗ್‌ಸ್ಟೀನ್ 1982ರ ‘ನೆಬ್ರಾಸ್ಕಾ’ ಆಲ್ಬಂ ಅನ್ನು ಅಂಥದ್ದರಲ್ಲೇ ಮಲಗುವ ಕೋಣೆಯಲ್ಲಿ ರೆಕಾರ್ಡ್ ಮಾಡಿದ. ಕೆಲವು ಮಷೀನ್‌ಗಳಲ್ಲಿ ಸದ್ದು ಚೆನ್ನಾಗಿ ಬರಲಿ ಅಂತ ಟೇಪು ಎರಡು ಪಟ್ಟು ವೇಗದಲ್ಲಿ ಓಡುತ್ತದೆ. ಆಗ 60 ನಿಮಿಷದ ಕ್ಯಾಸೆಟ್ಟಿನಲ್ಲಿ ಹಿಡಿಸುವುದು 15 ನಿಮಿಷ ಮಾತ್ರ.

ಸರಿ, ನಾಲ್ಕು ಸಾಲೂ ತುಂಬಿತು. ಈಗ ಇನ್ನೊಂದು ಗಿಟಾರ್ ಬೇಕು ಅನ್ನಿಸಿದರೆ? ಜಾಗ ಇಲ್ಲ. ಅದಕ್ಕೆ ಮೊದಲೇ ಯೋಚನೆ ಮಾಡಿ ಮೂರನ್ನೇ ತುಂಬಿ, ಆ ಮೂರನ್ನೂ ಬೆರೆಸಿ ನಾಲ್ಕನೆಯದಕ್ಕೆ ಸುರಿಯುತ್ತಾರೆ. ಇದಕ್ಕೆ ‘ಬೌನ್ಸ್’ ಅನ್ನುತ್ತಾರೆ. ಆಮೇಲೆ ಮೊದಲ ಮೂರನ್ನು ಅಳಿಸಿ ಮತ್ತೆ ಬಳಸಬಹುದು. ಆದರೆ ಒಮ್ಮೆ ಬೆರೆಸಿದ್ದು ಬೆರೆತೇಹೋಯಿತು, ಸಾಂಬಾರಿಗೆ ಬಿದ್ದ ಉಪ್ಪಿನ ಹಾಗೆ. ಡ್ರಮ್ಸ್ ಜಾಸ್ತಿ ಆಯ್ತು, ಸ್ವಲ್ಪ ತೆಗೀರಿ ಅಂದರೆ ಆಗದು. ಜೊತೆಗೆ ಪ್ರತಿ ಬೌನ್ಸಿನಲ್ಲೂ ಟೇಪಿನ ‘ಸ್ಸ್ಸ್’ ಇನ್ನೊಂದು ಪದರ ಸೇರುತ್ತದೆ, ತಾಳದ ತಟ್ಟೆಗಳ ಮಿಂಚು ಸ್ವಲ್ಪ ಸ್ವಲ್ಪವೇ ಮಂಕಾಗುತ್ತದೆ. ಇಂಥ ರೆಕಾರ್ಡಿಂಗ್‌ಗಳಲ್ಲಿ ಡ್ರಮ್ಸ್ ಪಕ್ಕದ ಮನೆಯಲ್ಲಿ ರಟ್ಟಿನ ಡಬ್ಬ ಬಡಿದಂತೆ, ಹಾಡುವವನ ಗಂಟಲು ಕಿವಿ ಪಕ್ಕದಲ್ಲೇ ಇದ್ದಂತೆ ಕೇಳುವುದಕ್ಕೆ ಇದೂ ಒಂದು ಕಾರಣ. ಮೊದಲು ಹಾಕಿದ್ದು ಹಿಂದೆ ಹಿಂದೆ ಸರಿಯುತ್ತದೆ, ಕೊನೆಗೆ ಹಾಕಿದ್ದು ಹೊಸದಾಗೇ ಉಳಿಯುತ್ತದೆ.

ದುಡ್ಡಿಲ್ಲ ಅಂತ ಹೀಗೆ ಮಾಡಿದ್ರಾ, ಬೇಕಂತಲೇ ಮಾಡಿದ್ರಾ?

ಎರಡೂ. ಶುರುವಿನಲ್ಲಿ ಇವರೂ ಕೈಯಿಂದ ದುಡ್ಡು ಹಾಕಿ ಸ್ಟುಡಿಯೊಗೆ ಹೋಗಿದ್ದರು. ಸ್ಟುಡಿಯೊ ಅಂದರೆ ಗಂಟೆ ಲೆಕ್ಕ. ಗೋಡೆ ಗಡಿಯಾರ ನೋಡುತ್ತಾ ಹಾಡಬೇಕು. ಬಂದದ್ದೂ ಅಂಥ ಖುಷಿ ಕೊಡಲಿಲ್ಲ. ಮನೆಗೆ ಬಂದು ಅಗ್ಗದ ಮಷೀನಿನಲ್ಲಿ ಮಾಡಿದಾಗ ಅವರಿಗೆ ಬೇಕಾದ ಜೀವ ಸಿಕ್ಕಿತು. ಹಾಡು ಹುಟ್ಟಿದ ದಿನವೇ, ಬ್ಯಾಂಡಿಗೆ ಸರಿಯಾಗಿ ಬಾಯಿಪಾಠ ಆಗುವ ಮೊದಲೇ, ಅದು ಟೇಪಿನಲ್ಲಿ ಇರುತ್ತಿತ್ತು.

ನನ್ನ ಅಭಿಪ್ರಾಯ ಕೇಳಿದರೆ ಈ ಆಲ್ಬಂನ ಗುಟ್ಟು ಇರುವುದು ಇಲ್ಲೇ, ಗುಸುಗುಸು ಸದ್ದಿನಲ್ಲಿ ಅಲ್ಲ. ಹತ್ತು ಸಲ ನುಡಿಸಿ ಕೈಗೆ ಕೂತ ಮೇಲೆ ಹಾಡು ಸರಿಯಾಗುತ್ತದೆ, ಆದರೆ ನುಡಿಸುವವನ ಆಶ್ಚರ್ಯ ಹೋಗಿಬಿಡುತ್ತದೆ. ಇಲ್ಲಿ ಆ ಆಶ್ಚರ್ಯ ಇನ್ನೂ ಹಸಿ ಹಸಿ ಇದೆ. ಮುಂದಿನ ಸಾಲಿಗೆ ಯಾವ ಸ್ವರ ಅಂತ ಹಾಡುವವನೇ ಆಗ ತಾನೇ ಕಂಡುಕೊಳ್ಳುತ್ತಿದ್ದಾನೆ ಅನ್ನಿಸುತ್ತದೆ.

ಅದೇ ವರ್ಷ ಅಮೆರಿಕದ ರಾಕ್ ಎಲ್ಲಿತ್ತು ಅನ್ನೋದನ್ನೂ ನೆನಪಿಡಿ. ಏಪ್ರಿಲ್‌ನಲ್ಲಿ ನಿರ್ವಾಣ ಬ್ಯಾಂಡಿನ ಕರ್ಟ್ ಕೊಬೇನ್ ತೀರಿಕೊಂಡಿದ್ದ. ಗ್ರೀನ್ ಡೇ, ವೀಜರ್ ಬ್ಯಾಂಡುಗಳ ಆಲ್ಬಂಗಳು ದೊಡ್ಡ ಕಂಪನಿಗಳಿಂದ ಬಂದಿದ್ದವು. ಗಿಟಾರ್ ಅಂದರೆ ಗೋಡೆ ಅದುರುವಷ್ಟು ದಪ್ಪ ಇರಬೇಕು ಅನ್ನುವ ಕಾಲ. ಅದರ ನಡುವೆ ಈ ಬೆಂಕಿಪೊಟ್ಟಣದ ಸದ್ದಿನ ಆಲ್ಬಂ!

ಹಾಡೋದು ಯಾರು? ಇಂಗ್ಲೆಂಡಿನವನಾ?

ಅಲ್ಲ, ಅಪ್ಪಟ ಡೇಟನ್‌ನವನು. ಹೆಸರು ರಾಬರ್ಟ್ ಪೊಲಾರ್ಡ್. ಹಾಡುವಾಗ ಮಾತ್ರ ಇಂಗ್ಲೆಂಡಿನವನಾಗುತ್ತಾನೆ. ಬೀಟಲ್ಸ್, ದಿ ಹೂ, ಹಳೆಯ ಜೆನೆಸಿಸ್, ಈ ಇಂಗ್ಲೆಂಡಿನ ಬ್ಯಾಂಡುಗಳನ್ನೆಲ್ಲ ಕೇಳಿ ಬೆಳೆದ ಹುಡುಗ. ರಾಕ್ ಅಂದರೆ ಹೀಗೇ ಉಚ್ಚರಿಸಬೇಕು ಅಂತ ಕಿವಿಗೆ ಕೂತುಬಿಟ್ಟಿದೆ. ಇಂಗ್ಲಿಷ್ ಹಾಡು ಹಾಡುವಾಗ ನಾಲಿಗೆ ತಿರುಚುವ ನಮ್ಮ ಹುಡುಗರನ್ನು ನಾವು ಆಡಿಕೊಳ್ಳುತ್ತೇವೆ. ಆ ಭಾಷೆಯಲ್ಲೇ ಹುಟ್ಟಿದವನೂ ಅದನ್ನೇ ಮಾಡುತ್ತಾನೆ ನೋಡಿ.

ಈತ ಮೇಷ್ಟ್ರು. ಹೌದು, ಶಾಲೆ ಮೇಷ್ಟ್ರು. 14 ವರ್ಷ ನಾಲ್ಕನೇ ಕ್ಲಾಸಿನ ಮಕ್ಕಳಿಗೆ ಪಾಠ ಮಾಡಿದ. ‘ಬೀ ಥೌಸಂಡ್’ ಬಂದಾಗ ಅವನಿಗೆ 36 ವರ್ಷ. ರಾಕ್ ಲೆಕ್ಕದಲ್ಲಿ ರಿಟೈರ್ ಆಗುವ ವಯಸ್ಸು. ಕಾಲೇಜಿನಲ್ಲಿ ಬೇಸ್‌ಬಾಲ್ ಆಡುತ್ತಿದ್ದ. 1978ರಲ್ಲಿ ರೈಟ್ ಸ್ಟೇಟ್ ವಿಶ್ವವಿದ್ಯಾಲಯದ ಪರವಾಗಿ ಒಂದು ಪಂದ್ಯದಲ್ಲಿ ಎದುರಾಳಿಗಳಿಗೆ ಒಂದೂ ಹಿಟ್ ಕೊಡದೆ ಚೆಂಡೆಸೆದಿದ್ದ. ಆ ವಿಶ್ವವಿದ್ಯಾಲಯದ ತಂಡದಲ್ಲಿ ಅಂಥದ್ದು ಅದೇ ಮೊದಲು.

ಚಿಕ್ಕವನಿದ್ದಾಗ ಇಲ್ಲದ ಬ್ಯಾಂಡುಗಳಿಗೆ ಹೆಸರಿಟ್ಟು, ಇಲ್ಲದ ಆಲ್ಬಂಗಳಿಗೆ ಹೊದಿಕೆ ಬಿಡಿಸುವುದು ಇವನ ಆಟ. ನಾವು ನೋಟ್‌ಬುಕ್ಕಿನ ಕೊನೇ ಪುಟದಲ್ಲಿ ಕ್ರಿಕೆಟ್ ಟೀಮ್ ಕಟ್ಟಿ, ಸ್ಕೋರ್ ಬರೆದುಕೊಳ್ಳುತ್ತಿದ್ದೆವಲ್ಲ, ಹಾಗೆ. ವ್ಯತ್ಯಾಸ ಏನೆಂದರೆ ಇವನು ದೊಡ್ಡವನಾದ ಮೇಲೂ ಬಿಡಲಿಲ್ಲ.

‘ಗೋಲ್ಡ್ ಸ್ಟಾರ್ ಫಾರ್ ರೋಬಾಟ್ ಬಾಯ್’ ಅಂತ ಒಂದು ಹಾಡಿದೆ. ಹೋಂವರ್ಕ್ ಸರಿ ಮಾಡಿದ ಮಗುವಿಗೆ ಟೀಚರ್ ಅಂಟಿಸುವ ಬಂಗಾರದ ನಕ್ಷತ್ರ. ಬೆಳಿಗ್ಗೆ ಎಲ್ಲ ನಕ್ಷತ್ರ ಅಂಟಿಸಿ, ಸಂಜೆ ನೆಲಮಾಳಿಗೆಯಲ್ಲಿ ಗಿಟಾರ್ ಹಿಡಿಯುವ ಮನುಷ್ಯ ಕಣ್ಣಿಗೆ ಕಟ್ಟುತ್ತಾನೆ. 1994ರಲ್ಲೇ ಮೇಷ್ಟ್ರ ಕೆಲಸ ಬಿಟ್ಟ.

ಬ್ಯಾಂಡಲ್ಲಿ ಇನ್ಯಾರಿದ್ರು?

ಟೋಬಿನ್ ಸ್ಪ್ರೌಟ್ ಮುಖ್ಯ. ಗಿಟಾರ್ ಅವನದು, ಎಷ್ಟೋ ರೆಕಾರ್ಡಿಂಗ್ ಅವನ ಗ್ಯಾರೇಜಿನದು. ತಾನೂ ಬರೆದು ಹಾಡುತ್ತಾನೆ. ಪೊಲಾರ್ಡ್ ದನಿ ಎತ್ತಿದರೆ ಇವನು ಪಿಸುಗುಡುತ್ತಾನೆ. ‘ಆಫುಲ್ ಬ್ಲಿಸ್’ ಕೇಳಿ. ಒಂದು ನಿಮಿಷ ಚಿಲ್ಲರೆ, ಅಷ್ಟರಲ್ಲೇ ಎದೆ ಹಿಂಡುತ್ತದೆ. ಸ್ಪ್ರೌಟ್ ಫೋಟೊ ಅಂತಲೇ ಮೋಸಹೋಗುವಷ್ಟು ನಿಖರವಾಗಿ ಚಿತ್ರ ಬಿಡಿಸುವ ಕಲಾವಿದ. ರೆಕಾರ್ಡಿಂಗ್ ಇಷ್ಟು ಮಸುಕು, ಚಿತ್ರ ಅಷ್ಟು ಸ್ಪಷ್ಟ. ಇದನ್ನು ಯೋಚಿಸಿದಾಗಲೆಲ್ಲ ನನಗೆ ತಮಾಷೆ ಅನ್ನಿಸುತ್ತದೆ.

ಮಿಚ್ ಮಿಚೆಲ್ ಗಿಟಾರ್ (ಗಿಟಾರಿಗ ಜಿಮಿ ಹೆಂಡ್ರಿಕ್ಸ್ ಜೊತೆಗಿದ್ದ ಇದೇ ಹೆಸರಿನ ಡ್ರಮ್ಮರ್ ಬೇರೆ, ಇವನು ಬೇರೆ), ಕೆವಿನ್ ಫೆನೆಲ್ ಡ್ರಮ್ಸ್. ಪೊಲಾರ್ಡ್ ತಮ್ಮ ಜಿಮ್ ಕೂಡ ಇದ್ದ. ಮನೆಯಲ್ಲಿ ಯಾರಿರುತ್ತಿದ್ದರೋ ಅವರು ನುಡಿಸುತ್ತಿದ್ದರು ಅಂದರೂ ನಡೆಯುತ್ತದೆ.

‘ಬೀ ಥೌಸಂಡ್’ ಅಂದ್ರೆ ಏನರ್ಥ?

ಸಾವಿರ ಜೇನುಹುಳ ಅಂತ ಹುಡುಕಬೇಡಿ. ‘ಬೀಥೋವನ್’ ಎಂಬ ಹೆಸರನ್ನು ಕಾಗುಣಿತ ತಪ್ಪಿ ಬರೆದದ್ದರಿಂದ ಹುಟ್ಟಿದ ಹೆಸರು. ದಿ ಹೂ ಬ್ಯಾಂಡಿನ ಗಿಟಾರಿಗ ‘ಪೀಟ್ ಟೌನ್ಸೆಂಡ್’ ಹೆಸರಿನ ಹಾಗೂ ಕೇಳುತ್ತದೆ ಅಂತ ಪೊಲಾರ್ಡ್‌ಗೆ ಇಷ್ಟವಾಯಿತು. ಆಲ್ಬಂ ಹೆಸರೂ ಒಂದು ಉಳಿಸಿಕೊಂಡ ತಪ್ಪೇ.

ಹಾಡು ಶುರು ಆಗೋವಷ್ಟರಲ್ಲಿ ಮುಗಿಯುತ್ತೆ. ಯಾಕಿಷ್ಟು ಚಿಕ್ಕದು?

ಸರಾಸರಿ ಎರಡು ನಿಮಿಷವೂ ಇಲ್ಲ. ಅತಿ ಉದ್ದದ್ದು ಮೂರು ನಿಮಿಷದ ಆಸುಪಾಸು. ಕೊನೇ ಹಾಡು ಅರ್ಧ ನಿಮಿಷ. ಪಲ್ಲವಿ ಬಂತು ಅನ್ನುವಾಗ ಹಾಡು ಎದ್ದು ಹೋಗಿರುತ್ತದೆ.

ಪೊಲಾರ್ಡ್‌ಗೆ ರಾಗ ಹುಟ್ಟುವುದು ನಲ್ಲಿ ನೀರು ಬಂದ ಹಾಗೆ. ಒಂದು ರಾಗ ಸಿಕ್ಕರೆ ಬೇರೆಯವರು ಅದನ್ನು ನಾಲ್ಕು ನಿಮಿಷ ಎಳೆಯುತ್ತಾರೆ. ಇವನು ಒಂದು ಸಲ ತೋರಿಸಿ ಮುಂದಿನದಕ್ಕೆ ಹೋಗುತ್ತಾನೆ. ಈ ಆಲ್ಬಂಗೆ ಹಳೆಯ ಕ್ಯಾಸೆಟ್‌ಗಳನ್ನೂ ಜಾಲಾಡಿ, ವರ್ಷಗಟ್ಟಲೆ ಬಿದ್ದಿದ್ದ ತುಣುಕುಗಳನ್ನು ಎತ್ತಿಕೊಂಡಿದ್ದಾರೆ. ಹಾಗಾಗಿ ಒಂದು ಹಾಡಿನಿಂದ ಇನ್ನೊಂದಕ್ಕೆ ಸದ್ದೇ ಬದಲಾಗುತ್ತದೆ. ಒಂದು ಕೋಣೆಯ ಬಾಗಿಲು ಹಾಕಿ ಇನ್ನೊಂದು ಕೋಣೆಗೆ ಹೋದ ಹಾಗೆ. ಇದಕ್ಕೇ ಹೇಳೋದು, ದಯವಿಟ್ಟು ಶಫಲ್ ಮಾಡಬೇಡಿ. ಒಂಟಿಯಾಗಿ ಕೇಳಿದರೆ ಇದರಲ್ಲಿ ಐದಾರು ಹಾಡು ಅರ್ಧಕ್ಕೆ ಬಿಟ್ಟ ಕೆಲಸದ ಹಾಗೆ ಕಾಣುತ್ತವೆ. ಸಾಲಿನಲ್ಲಿ ಕೇಳಿದರೆ ಅವೇ ಮುಂದಿನ ಹಾಡಿಗೆ ಮೆಟ್ಟಿಲು.

ಸಾಹಿತ್ಯ ಒಂದೂ ಅರ್ಥ ಆಗಲ್ಲ. ನನ್ನ ಇಂಗ್ಲಿಷ್ ಸಮಸ್ಯೆನಾ?

ಅಲ್ಲ. ಇಂಗ್ಲಿಷಿನವರಿಗೂ ಅರ್ಥ ಆಗುವುದಿಲ್ಲ. ಯಕ್ಷಿಣಿಗಳಂಥ ಪುಟ್ಟ ಜೀವಿಗಳನ್ನು ಒದೆಯುವವನ ಬಗ್ಗೆ ಒಂದು ಹಾಡಿದೆ, ಡಬ್ಬ ಭರಣಿಗಳ ರಾಣಿಯ ಬಗ್ಗೆ ಇನ್ನೊಂದು. ಕಥೆ ಹುಡುಕಿದರೆ ತಲೆ ಕೆಡುತ್ತದೆ. ಬಾಯಿಗೆ ಹೇಗೆ ಕೂರುತ್ತದೆ ಅನ್ನೋದೇ ಇಲ್ಲಿ ಮುಖ್ಯ. ಮಕ್ಕಳು ಆಟಕ್ಕೆ ಮುಂಚೆ ಹೇಳುವ ಪದಗಳಿಗೆ ಅರ್ಥ ಕೇಳುತ್ತೇವಾ?

ಆದರೆ ನಡುವೆ ಒಮ್ಮೊಮ್ಮೆ ಮಂಜು ಸರಿಯುತ್ತದೆ. ‘ಐ ಆ್ಯಮ್ ಎ ಸೈಂಟಿಸ್ಟ್’ ಹಾಡಿನಲ್ಲಿ ಒಬ್ಬ ತನ್ನನ್ನು ವಿಜ್ಞಾನಿ ಅಂದುಕೊಳ್ಳುತ್ತಾನೆ, ಪತ್ರಕರ್ತ ಅನ್ನುತ್ತಾನೆ, ಔಷಧಿ ಅಂಗಡಿಯವನು ಅನ್ನುತ್ತಾನೆ. ತನ್ನೊಳಗೆ ಏನಿದೆ ಅಂತ ತಾನೇ ಹುಡುಕುವವನು. ನಾಲ್ಕೈದು ಸ್ವರದ ಒಂದು ಗಿಟಾರ್ ಸಾಲು, ಅದೇ ತಿರುಗುತ್ತಾ ಇರುತ್ತದೆ. ಹೊಸಬರಿಗೆ ನಾನು ಮೊದಲು ಕೇಳಿಸುವುದು ಇದನ್ನೇ.

ಇನ್ನೊಂದು ‘ಎಕೋಸ್ ಮೈರನ್’. ಆಲ್ಬಂನಲ್ಲಿ ಅತ್ಯಂತ ಬೆಳಕಿರುವ ಹಾಡು. ಅಂತೂ ಬಂದು ತಲುಪಿದೆವು, ಸಕತ್ತಾಗಿದೆ ಅನ್ನುವ ಅರ್ಥದ ಮಾತು ಅದರಲ್ಲಿ ಬರುತ್ತದೆ. ಬ್ಯಾಂಡ್ ಶುರುವಾದದ್ದು 1983ರಲ್ಲಿ. 11 ವರ್ಷ ಯಾರೂ ಕೇಳದೆ ಹಾಡಿದವರು ಗ್ಯಾರೇಜಿನಲ್ಲಿ ನಿಂತು ಆ ಮಾತು ಹೇಳಿದ್ದಾರೆ. ಆಲ್ಬಂ ಇನ್ನೂ ಬಂದೇ ಇರಲಿಲ್ಲ, ತಲುಪಿದ್ದು ಎಲ್ಲಿಗೆ? ಆದರೂ ಎಷ್ಟು ಖುಷಿ ಆ ದನಿಯಲ್ಲಿ.

ಒಂದು ಹಾಡಿನ ಹೆಸರು ನೋಡಿ ಮುಜುಗರ ಆಯ್ತು.

‘ಟ್ರ್ಯಾಕ್ಟರ್ ರೇಪ್ ಚೈನ್’ ಬಗ್ಗೆ ಕೇಳುತ್ತಿದ್ದೀರಿ. ನನಗೂ ಆಗುತ್ತದೆ. ರಾಗ ಆಲ್ಬಂನಲ್ಲೇ ಅತ್ಯಂತ ಚೆಂದದ್ದು, ಹೆಸರು ಅತ್ಯಂತ ಕೆಟ್ಟದ್ದು. ಸಮರ್ಥನೆ ಮಾಡೋಕೆ ಹೋಗಲ್ಲ. ತಂಗಿಗೆ ಕಳಿಸುವಾಗ ಹೆಸರು ಬರೆಯದೆ ‘ಮೂರನೇ ಹಾಡು’ ಅಂತ ಬರೆದು ಕಳಿಸಿದ್ದೆ.

ಹೆಸರಿಲ್ಲದ ಹಾಡು ಯಾಕೆ ಅಂತ ಕೇಳಿದಳು. ಹೇಳಬೇಕಾಯಿತು.

ನೀನು ಹುಟ್ಟೋಕೆ ಮುಂಚಿನದು. ಇದೆಲ್ಲ ಸುಮ್ನೆ ನಾಸ್ಟಾಲ್ಜಿಯಾ ಅಲ್ವಾ?

ಈ ಪ್ರಶ್ನೆ ಕೇಳುವವರು ಹೆಚ್ಚಾಗಿ 1994ರಲ್ಲಿ ಕಾಲೇಜಿನಲ್ಲಿದ್ದವರು. ‘ನಮ್ಮ ಕಾಲದ್ದು ನಿಮಗೇನು ಗೊತ್ತು’ ಅನ್ನುವ ಧಾಟಿ. ಅವರಲ್ಲಿ ಒಬ್ಬರಾದರೂ ಆಗ ಈ ಆಲ್ಬಂ ಕೇಳಿರಲಿಲ್ಲ ಅನ್ನೋದು ಬೇರೆ ಮಾತು.

ಕಾಣದ ಕಾಲವನ್ನು ನೆನಪು ಮಾಡಿಕೊಳ್ಳೋಕೆ ನನಗೆ ಬರುವುದಿಲ್ಲ. ನನಗೆ ಡೇಟನ್ ಗೊತ್ತಿಲ್ಲ, ಆ ಚಳಿ ಗೊತ್ತಿಲ್ಲ, ಅಲ್ಲಿನ ಬಿಯರ್ ಗೊತ್ತಿಲ್ಲ. ಆದರೆ ಮನೆಯೊಳಗೆ ರೆಕಾರ್ಡ್ ಮಾಡಿದ ಟೇಪಿನ ಸದ್ದು ಹೇಗಿರುತ್ತದೆ ಅಂತ ಚೆನ್ನಾಗಿ ಗೊತ್ತು.

ಶಿರಸಿ ಹತ್ತಿರದ ಅಜ್ಜಿ ಮನೆಯಲ್ಲಿ ಒಂದು ಕ್ಯಾಸೆಟ್ ಇದೆ. 1987ರಲ್ಲಿ ಮಾವ ಬೊಂಬಾಯಿಯಿಂದ ಬರುವಾಗ ಟೇಪ್‌ರೆಕಾರ್ಡರ್ ತಂದಿದ್ದ. ಜಗಲಿಯಲ್ಲಿ ಇಟ್ಟು, ಅಜ್ಜಿ ಹತ್ತಿರ ಹಸೆ ಹಾಡು ಹಾಡಿಸಿದ್ದ. ಎರಡು ಬಟನ್ ಒಟ್ಟಿಗೆ ಒತ್ತಿದ ಕಟಕ್ ಸದ್ದಿನಿಂದ ಟೇಪು ಶುರುವಾಗುತ್ತದೆ. ಆಮೇಲೆ ಚಿಕ್ಕಿಯ ದನಿ, ‘ತಿರುಗ್ತಾ ಇದ್ದಾ?’ ಟೇಪು ತಿರುಗುತ್ತಿದೆಯಾ ಅಂತ. ಯಾರೋ ಶ್ ಅನ್ನುತ್ತಾರೆ. ಅಜ್ಜಿ ಕೆಮ್ಮಿ ಶುರು ಮಾಡುತ್ತಾಳೆ. ಎರಡನೇ ಹಾಡಿನ ನಡುವೆ ಕುಕ್ಕರ್ ಕೂಗುತ್ತದೆ. ಅಜ್ಜಿ ನಿಲ್ಲಿಸುವುದಿಲ್ಲ, ಸ್ವಲ್ಪ ದನಿ ಏರಿಸುತ್ತಾಳೆ ಅಷ್ಟೇ.

ಅಂಥ ರೆಕಾರ್ಡರ್‌ಗಳು ಸದ್ದಿನ ಮಟ್ಟವನ್ನು ತಾವೇ ಏರಿಸಿ ಇಳಿಸುತ್ತವೆ. ಅಜ್ಜಿ ಹಾಡುವಾಗ ಹಿಂದಿನದೆಲ್ಲ ಕುಗ್ಗಿರುತ್ತದೆ. ಉಸಿರು ತೆಗೆದುಕೊಳ್ಳಲು ನಿಲ್ಲಿಸಿದಳೋ, ಕೊಟ್ಟಿಗೆಯ ಗಂಟೆ, ಹಕ್ಕಿ, ಜಗಲಿಯಲ್ಲಿ ಯಾರೋ ಕಾಲು ಎಳೆದದ್ದು, ಎಲ್ಲ ಎದ್ದು ಬರುತ್ತದೆ. ಮತ್ತೆ ಹಾಡು ಶುರುವಾದರೆ ಎಲ್ಲ ಒಳಗೆ.

ನಾನು ಅಜ್ಜಿಯನ್ನು ನೋಡಿಲ್ಲ. ಆ ಟೇಪು ಕೇಳಿಯೇ ಅವಳ ಜಗಲಿ ಎಷ್ಟು ಉದ್ದ ಅಂತ ಗೊತ್ತು. ಪೀಜಿಯ ಮಂಚದ ಮೇಲೆ ‘ಬೀ ಥೌಸಂಡ್’ ಕೇಳಿದಾಗ ನನಗೆ ಹೊಸದೇನೋ ಕೇಳಿದ ಹಾಗೆ ಆಗಲಿಲ್ಲ. ಇದೂ ಯಾರದೋ ಮನೆ, ಅಷ್ಟೇ ಅನ್ನಿಸಿತು.

ಸ್ಟುಡಿಯೊದಲ್ಲಿ ಕ್ಲೀನಾಗಿ ಮಾಡಿದ್ದು ಇಲ್ವಾ?

‘ಐ ಆ್ಯಮ್ ಎ ಸೈಂಟಿಸ್ಟ್’ ಹಾಡನ್ನು ಅದೇ ವರ್ಷ ಸ್ಟುಡಿಯೊದಲ್ಲಿ ಮತ್ತೆ ರೆಕಾರ್ಡ್ ಮಾಡಿ ಬೇರೆಯಾಗಿ ಬಿಟ್ಟರು. ಎರಡನ್ನೂ ಬೆನ್ನಿಗೆ ಬೆನ್ನು ಕೇಳಿ ನೋಡಿ. ಸ್ಟುಡಿಯೊದ್ದರಲ್ಲಿ ಡ್ರಮ್ಸ್ ಗಟ್ಟಿ, ಗಿಟಾರ್ ಸ್ಪಷ್ಟ, ಒಳ್ಳೆ ರಾಕ್ ಹಾಡು. ಗ್ಯಾರೇಜಿನದ್ದರಲ್ಲಿ ಒಬ್ಬ ಮನುಷ್ಯ ತನಗೆ ತಾನೇ ಏನೋ ಹೇಳಿಕೊಳ್ಳುತ್ತಿದ್ದಾನೆ. ನನ್ನ ಫ್ರೆಂಡ್ಸ್‌ನಲ್ಲಿ ಅರ್ಧ ಜನಕ್ಕೆ ಸ್ಟುಡಿಯೊದ್ದೇ ಇಷ್ಟ. ಜಗಳ ಇಲ್ಲ.

2004ರಲ್ಲಿ, ಆಗ ಬಿಟ್ಟಿದ್ದ ಹಾಡುಗಳನ್ನೂ ಸೇರಿಸಿ ಮೂರು ಎಲ್‌ಪಿಗಳ ಆವೃತ್ತಿ ಬಂತು. ಅದನ್ನು ಮೊದಲು ಕೇಳಬೇಡಿ. 20 ಹಾಡಿನದ್ದೇ ಸರಿ.

ಮೂರು ಸಲ ಕೇಳಿದೆ, ಇಷ್ಟ ಆಗ್ಲಿಲ್ಲ.

ಬಿಟ್ಟುಬಿಡಿ. ಇದೇನು ಪರೀಕ್ಷೆಯಾ?

ಆಮೇಲೆ ಅವರು ಏನಾದ್ರು?

ಇದಕ್ಕೂ ಮುಂಚಿನದು ಸ್ವಲ್ಪ ಹೇಳಬೇಕು. 1992ರ ‘ಪ್ರೊಪೆಲರ್’ ಆಲ್ಬಂ ಮಾಡುವಾಗ ಇದೇ ಕೊನೆ ಅಂದುಕೊಂಡಿದ್ದರು. ಮಾಡಿಸಿದ್ದು 500 ಪ್ರತಿ. ಒಂದೊಂದಕ್ಕೂ ಕೈಯಲ್ಲೇ ಮಾಡಿದ ಬೇರೆ ಬೇರೆ ಹೊದಿಕೆ. ಒಂದರ ಹಾಗೆ ಇನ್ನೊಂದಿಲ್ಲ. ಆ ಆಲ್ಬಂ ಊರಾಚೆ ಒಂದಷ್ಟು ಕಿವಿಗಳಿಗೆ ಬಿದ್ದದ್ದರಿಂದಲೇ ಬ್ಯಾಂಡ್ ಉಳಿಯಿತು. ಇಲ್ಲದಿದ್ದರೆ ಪೊಲಾರ್ಡ್ ಮೇಷ್ಟ್ರಾಗೇ ಪೆನ್ಷನ್ ತೆಗೆದುಕೊಳ್ಳುತ್ತಿದ್ದನೋ ಏನೋ.

‘ಬೀ ಥೌಸಂಡ್’ ನಂತರ ನ್ಯೂಯಾರ್ಕಿನ ಮ್ಯಾಟಡಾರ್ ಕಂಪನಿಗೆ ಹೋದರು. 1995ರಲ್ಲಿ ‘ಏಲಿಯನ್ ಲೇನ್ಸ್’ ಬಂತು. 28 ಹಾಡು! ಆಮೇಲೆ ಒಳ್ಳೆ ಸ್ಟುಡಿಯೊ, ದೊಡ್ಡ ನಿರ್ಮಾಪಕರು. 1999ರ ಆಲ್ಬಂ ಮಾಡಿಕೊಟ್ಟದ್ದು ಕಾರ್ಸ್ ಬ್ಯಾಂಡಿನ ರಿಕ್ ಒಕಾಸೆಕ್. ನನಗೆ ಅದು ಅಷ್ಟಕ್ಕಷ್ಟೇ. 2004ರಲ್ಲಿ ಬ್ಯಾಂಡ್ ಮುಚ್ಚಿದರು, 2010ರಲ್ಲಿ ಹಳಬರೆಲ್ಲ ಮತ್ತೆ ಸೇರಿದರು, ಮತ್ತೆ ಬಿಟ್ಟರು, ಮತ್ತೆ ಶುರು. 2017ರಲ್ಲಿ ಬಂದ ‘ಆಗಸ್ಟ್ ಬೈ ಕೇಕ್’ ಪೊಲಾರ್ಡ್‌ನ 100ನೇ ಆಲ್ಬಂ. ಎಲ್ಲ ಕೇಳಿದ್ದೀಯಾ ಅಂತ ಕೇಳಬೇಡಿ. ನನಗೂ ಆಫೀಸಿದೆ.

ಇದು ಇಷ್ಟ ಆದ್ರೆ ಮುಂದೇನು ಕೇಳಲಿ?

ಪೇವ್‌ಮೆಂಟ್ ಬ್ಯಾಂಡಿನ ‘ಸ್ಲ್ಯಾಂಟೆಡ್ ಆ್ಯಂಡ್ ಎನ್‌ಚಾಂಟೆಡ್’, 1992. ಇದಕ್ಕಿಂತ ಸೋಮಾರಿ, ಇದಕ್ಕಿಂತ ಜಾಣ. ಟೆಕ್ಸಾಸಿನ ಆಸ್ಟಿನ್‌ನಲ್ಲಿ ತನ್ನ ಕ್ಯಾಸೆಟ್‌ಗಳನ್ನು ಸಿಕ್ಕಸಿಕ್ಕವರ ಕೈಗೆ ಕೊಡುತ್ತಿದ್ದ ಡ್ಯಾನಿಯಲ್ ಜಾನ್‌ಸ್ಟನ್. ಅವನನ್ನು ಕೇಳುವಾಗ ಮನಸ್ಸು ಗಟ್ಟಿ ಇರಲಿ. ಮೌಂಟನ್ ಗೋಟ್ಸ್ ಬ್ಯಾಂಡಿನ 2002ರ ‘ಆಲ್ ಹೇಲ್ ವೆಸ್ಟ್ ಟೆಕ್ಸಾಸ್’ ಪೂರ್ತಿ ರೆಕಾರ್ಡ್ ಆದದ್ದು ಒಂದು ಪ್ಯಾನಸಾನಿಕ್ ಟೇಪ್‌ರೆಕಾರ್ಡರಿನಲ್ಲಿ. ಅದರ ಮೋಟಾರು ತಿರುಗುವ ಗರಗರ ಹಾಡಿನುದ್ದಕ್ಕೂ ಕೇಳುತ್ತದೆ, ಶ್ರುತಿಪೆಟ್ಟಿಗೆಯ ಹಾಗೆ. ನನಗೆ ಹಾಡಿಗಿಂತ ಅದೇ ನೆನಪಿರುವುದೂ ಉಂಟು.

ನಾನೂ ಹೀಗೆ ಮನೇಲೇ ರೆಕಾರ್ಡ್ ಮಾಡಬಹುದಾ? ಫೋನ್ ಸಾಕಾ?

ಸಾಕು. ನಿಮ್ಮ ಕೈಯಲ್ಲಿರುವ ಫೋನ್ ಅವರ ಮಷೀನಿಗಿಂತ ಎಷ್ಟೋ ಶಕ್ತಿಶಾಲಿ. ಅದೇ ತೊಂದರೆಯೂ ಹೌದು. ಹಲವು ಫೋನುಗಳ ರೆಕಾರ್ಡರ್ ‘ಗದ್ದಲ ತೆಗೆಯುತ್ತೇನೆ’ ಅಂತ ತಾನೇ ಕತ್ತರಿ ಹಾಕುತ್ತದೆ. ಮಾತಿಗೆ ಒಳ್ಳೆಯದು, ಹಾಡಿಗೆ ಕೆಟ್ಟದ್ದು. ತಂಬೂರಿಯ ಶ್ರುತಿಯನ್ನು ಫ್ಯಾನ್ ಸದ್ದು ಅಂದುಕೊಂಡು ನುಂಗಿಬಿಡಬಹುದು. ಸೆಟ್ಟಿಂಗ್ಸ್‌ನಲ್ಲಿ ಅದನ್ನು ಆರಿಸಿ. ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ. ನಾಲ್ಕು ಟ್ರ್ಯಾಕಿಗಿಂತ ಜಾಸ್ತಿ ಬಳಸುವುದಿಲ್ಲ ಅಂತ ಮೊದಲೇ ತೀರ್ಮಾನ ಮಾಡಿ. ಮೊದಲ ಸಲ ಹಾಡಿದ್ದನ್ನು ಮಾತ್ರ ಅಳಿಸಬೇಡಿ. ಹತ್ತನೇದು ಸಿಕ್ಕ ಮೇಲೂ.

ಆ ಅಜ್ಜಿ ಕ್ಯಾಸೆಟ್ ಈಗ ಎಲ್ಲಿದೆ? ಕೇಳಬಹುದಾ?

ಈ ಪ್ರಶ್ನೆಯೇ ಈಗೀಗ ಜಾಸ್ತಿ. ಕ್ಯಾಸೆಟ್ ಅಜ್ಜಿ ಮನೆಯಲ್ಲೇ ಇದೆ, ಬೀರುವಿನಲ್ಲಿ. ಮನೆಯವರ ಹೊರತು ಯಾರಿಗೂ ಕಳಿಸುವುದಿಲ್ಲ, ಕ್ಷಮಿಸಿ.

ಮೂರು ವರ್ಷದ ಹಿಂದೆ ಅದನ್ನು ಕಂಪ್ಯೂಟರಿಗೆ ಹಾಕಿಸೋಣ ಅಂತ ಒಂದು ಅಂಗಡಿಗೆ ಕೊಟ್ಟೆವು. ಅವರು ಒಳ್ಳೆ ಮನಸ್ಸಿನಿಂದ, ನಮ್ಮನ್ನು ಕೇಳದೆಯೇ, ಸದ್ದನ್ನೆಲ್ಲ ಕ್ಲೀನ್ ಮಾಡಿಕೊಟ್ಟರು. ಕಟಕ್ ಇಲ್ಲ. ಚಿಕ್ಕಿ ಇಲ್ಲ. ಕುಕ್ಕರ್ ಇದ್ದ ಜಾಗದಲ್ಲಿ ಅಜ್ಜಿಯ ದನಿ ನೀರಿನೊಳಗಿಂದ ಬಂದ ಹಾಗೆ ಗುಳುಗುಳು ಅನ್ನುತ್ತದೆ. ಉಸಿರಿನ ನಡುವೆ ಏನೂ ಇಲ್ಲ, ಖಾಲಿ. ನಾನು ಕ್ಯಾಸೆಟ್ ವಾಪಸ್ ತಂದು, ಫ್ರೆಂಡ್ ಹತ್ತಿರ ಹಳೆಯ ಡೆಕ್ ಎರವಲು ಪಡೆದು, ಇದ್ದದ್ದನ್ನು ಇದ್ದ ಹಾಗೇ ಇನ್ನೊಮ್ಮೆ ಹಾಕಿಕೊಂಡೆ.

ಈಗ ಎರಡು ಫೈಲ್ ಇವೆ. ಅಮ್ಮನ ಫೋನಿಗೆ ಎರಡನ್ನೂ ಕಳಿಸಿದ್ದೆ. ಅಮ್ಮ ಕೇಳುವುದು ಕ್ಲೀನ್ ಆದದ್ದನ್ನೇ. ‘ಆಯಿಯ ದನಿ ಮಾತ್ರ ಸಾಕು, ಕುಕ್ಕರ್ ಕೂಗಿದ್ರೆ ನಂಗೆ ಎದ್ದು ಹೋಗಿ ಗ್ಯಾಸ್ ಆರಿಸಬೇಕು ಅನ್ಸುತ್ತೆ’ ಅಂದಳು.